ಜಲಪದ್ಮದ ಇನ್ನೊಂದು ಹೆಸರು

ಡಾಲ್ಫಿನ್‌ಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆ ಎಂಬುದು ಚಂದ್ರಕಲಾ ಹರಿಕಂತ್ರ ಕೆಲಸಕ್ಕೆ ಸೇರುವ ಹೊತ್ತಿಗೆ ಹಳೆಯ ಸುದ್ದಿಯಾಗಿಬಿಟ್ಟಿತ್ತು. ಪ್ರತಿ ಮರಿಯೂ ತನ್ನದೇ ಒಂದು ಸಿಳ್ಳೆ ಕಟ್ಟಿಕೊಳ್ಳುತ್ತದೆ. ಉಳಿದವು ಅದನ್ನು ಕರೆಯಬೇಕಾದಾಗ ಅದೇ ಸಿಳ್ಳೆಯನ್ನು ತಮ್ಮ ದನಿಯಲ್ಲಿ ಊದುತ್ತವೆ. ಆದರೆ ಈ ಹೆಸರುಗಳನ್ನಿಟ್ಟುಕೊಂಡು ಅವು ದಿನವಿಡೀ ಏನು ಮಾತಾಡಿಕೊಳ್ಳುತ್ತವೆ? ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ತಿಳಿಯಲೆಂದೇ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ, ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದನ್ನು ಬಾಡಿಗೆಗೆ ಹಿಡಿದು ಕಡಲಧ್ವನಿ ಕೇಂದ್ರ ಶುರುವಾಗಿತ್ತು. ಕುಮಟಾದಿಂದ ನೇತ್ರಾಣಿ ದ್ವೀಪದವರೆಗೂ ಸಮುದ್ರದ ಮೇಲೆ ಹಳದಿ ಪೀಪಾಯಿಗಳನ್ನು ತೇಲಬಿಟ್ಟಿದ್ದರು. ಒಂದೊಂದು ಪೀಪಾಯಿಯ ಕೆಳಗೂ ನೀರಿನಲ್ಲಿ ಇಳಿಬಿಟ್ಟ ಮೈಕು. ಅವು ಹಿಡಿದ ಸಿಳ್ಳೆಗಳೆಲ್ಲ ಕೇಂದ್ರಕ್ಕೆ ಬಂದು ಬೀಳುತ್ತಿದ್ದವು. ಕಂಪ್ಯೂಟರು ದನಿಯನ್ನು ಬಿಡಿಸಿ, ಊದಿದ್ದು ಯಾರು, ಕರೆದದ್ದು ಯಾರನ್ನು ಎಂದು ಬೇರ್ಪಡಿಸಿ ಹೇಳುತ್ತಿತ್ತು.

ಬಂದದ್ದನ್ನು ಇಟ್ಟ ರೀತಿ ಮಾತ್ರ ದೇವರಿಗೇ ಪ್ರೀತಿ. ನಾಲ್ಕು ವರ್ಷ ನಾಲ್ವರು ವಿದ್ಯಾರ್ಥಿಗಳು ತಮಗೆ ತೋಚಿದಂತೆ ಫೈಲುಗಳಲ್ಲಿ ತುಂಬಿ ಹೋಗಿದ್ದರು. ಒಂದೇ ಹೆಣ್ಣು ಡಾಲ್ಫಿನ್ ಒಂದು ಕಡೆ ‘ಮೂಗುತಿ’, ಇನ್ನೊಂದು ಕಡೆ ‘ಕತ್ತರಿಬಾಲ’, ಮತ್ತೊಂದು ಕಡೆ ಬರೀ ಒಂದು ನಂಬರು. ಸತ್ತುಹೋದದ್ದೆಂದು ಒಬ್ಬ ಬರೆದ ಗಂಡು, ಇನ್ನೊಬ್ಬನ ಫೈಲಿನಲ್ಲಿ ಮರುವರ್ಷವೂ ಆರಾಮಾಗಿ ಓಡಾಡಿಕೊಂಡಿತ್ತು.

ಹುಬ್ಬಳ್ಳಿಯ ಬ್ಯಾಂಕೊಂದರ ಕಂಪ್ಯೂಟರು ವಿಭಾಗದಲ್ಲಿದ್ದ ಚಂದ್ರಕಲಾಳನ್ನು ಕೇಂದ್ರದ ಮುಖ್ಯಸ್ಥೆ ಡಾ. ಶಕುಂತಲಾ ಹಾವನೂರ ಕರೆಸಿಕೊಂಡದ್ದು ಇದಕ್ಕೇ. ಅವರು ಧಾರವಾಡದವರು. ಮಾತು ಜೋರು, ನಗು ಇನ್ನೂ ಜೋರು.

“ಇದನ್ನೆಲ್ಲಾ ಸರಿ ಮಾಡಾಕ ಎಷ್ಟು ದಿನಾ ಬೇಕವಾ?”

“ಸರಿ ಮಾಡುದಲ್ಲ ಮೇಡಂ. ಹೊಸ್ತು ಕಟ್ಟಬೇಕು.”

ಹೊಸ ಡೇಟಾಬೇಸ್ ಸೃಷ್ಟಿಸಲು ಒಂದೇ ಸಾಲಿನ ಆಜ್ಞೆ ಸಾಕು. ಸೃಷ್ಟಿಸು ಎನ್ನಬೇಕು, ಹೆಸರು ಹೇಳಬೇಕು, ಕೊನೆಗೊಂದು ಅರ್ಧವಿರಾಮ ಹಾಕಬೇಕು. ಕನ್ನಡದ ಅಕ್ಷರಗಳೂ ಕೆಡದೆ ಕೂರುವಂತೆ ಚಂದ್ರಕಲಾ ಆ ಸಾಲಿಗೆ ಇನ್ನೊಂದು ಮಾತು ಸೇರಿಸಿದಳು. ಹೆಸರು ‘ಕಡಲಮಾತು’ ಎಂದಿಟ್ಟಳು. ಗುಂಡಿ ಒತ್ತಿದೊಡನೆ ಆಯಿತು ಎಂಬ ಉತ್ತರ ಬಂತು.

ಹಾವನೂರ ಮೇಡಂ ಕನ್ನಡಕ ಮೇಲೆತ್ತಿ ಪರದೆಯನ್ನು ನೋಡಿದರು. “ಆತಾ? ಇದರಾಗ ಏನೂ ಇಲ್ಲಲ್ಲ!”

“ಈಗ ಏನೂ ಇಲ್ಲ. ಯಾವುದು ಬರಬಹುದು, ಯಾವುದು ಬರಬಾರದು ಅಂತ ಮೊದ್ಲೇ ತೀರ್ಮಾನ ಮಾಡೂಕೆ ಇದೇ ಸರಿಯಾದ ಹೊತ್ತು ಮೇಡಂ. ತುಂಬಿದ ಮೇಲೆ ಆಗುದಿಲ್ಲ.”

ಅವಳು ಎರಡು ಕೋಷ್ಟಕ ಮಾಡಿದಳು. ಮೊದಲನೆಯದರಲ್ಲಿ ಡಾಲ್ಫಿನ್‌ಗಳು. ಒಂದಕ್ಕೆ ಒಂದೇ ಸಾಲು, ಒಂದೇ ಗುರುತಿನ ಸಂಖ್ಯೆ. ಅದು ಇನ್ನಾವುದಕ್ಕೂ ಸಿಗುವಂತಿಲ್ಲ. ಎರಡನೆಯದರಲ್ಲಿ ಕರೆಗಳು: ಕರೆದವರು, ಕರೆಸಿಕೊಂಡವರು, ಯಾವ ಪೀಪಾಯಿ, ಯಾವ ಹೊತ್ತು. ಎರಡನ್ನೂ ಒಂದು ಕಟ್ಟುನಿಟ್ಟಿನಿಂದ ಬೆಸೆದಳು. ಕರೆದವರಾಗಲಿ ಕರೆಸಿಕೊಂಡವರಾಗಲಿ ಮೊದಲ ಕೋಷ್ಟಕದಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ಕರೆಗೆ ಒಳಗೆ ಜಾಗವಿಲ್ಲ.

“ಇಷ್ಟ್ಯಾಕ ಬಿಗಿ ಮಾಡ್ತಿ? ಬಂದದ್ದು ಬರ್ಲಿ ಬಿಡು, ಆಮ್ಯಾಲ ನೋಡೋಣಂತ,” ಎಂದರು ಮೇಡಂ.

“ಹಾಗೆ ಬಿಟ್ಟೇ ಮೂಗುತಿ ಮೂರು ಜನ ಆದದ್ದು.”

ಮೇಡಂ ನಕ್ಕುಬಿಟ್ಟರು.

ಹಳೆಯ ಫೈಲುಗಳನ್ನು ಒಳಗೆ ತುಂಬಿಸುವ ಕೆಲಸ ಮಳೆಗಾಲವಿಡೀ ನಡೆಯಿತು. ಲಕ್ಷಗಟ್ಟಲೆ ಕರೆಗಳು ಸಲೀಸಾಗಿ ಒಳಹೋದವು. ಯಾವ ತಾಯಿ ಯಾವ ಮರಿಯನ್ನು ಎಷ್ಟು ಸಲ ಕೂಗುತ್ತಾಳೆ, ಯಾವ ಎರಡು ಗಂಡುಗಳು ಜಗಳವಾಡಿ ಮಾತು ಬಿಟ್ಟಿವೆ ಎಂಬುದೆಲ್ಲ ಒಂದು ಪ್ರಶ್ನೆ ಬರೆದರೆ ಎದುರಿಗೆ ಬಂದು ಕೂರುತ್ತಿತ್ತು. ಆದರೆ ಒಂದಿಷ್ಟು ಕರೆಗಳು ಬಾಗಿಲಲ್ಲೇ ನಿಂತವು. ಕರೆದ ಡಾಲ್ಫಿನ್ ಗೊತ್ತಿತ್ತು, ಕರೆಸಿಕೊಂಡದ್ದು ಯಾರೆಂದು ಗೊತ್ತಿರಲಿಲ್ಲ. ಅಂಥವನ್ನು ಚಂದ್ರಕಲಾ ಪಕ್ಕಕ್ಕೆ ಸರಿಸಿ ಇಡುತ್ತಿದ್ದಳು. ಪಕ್ಕಕ್ಕಿಟ್ಟದ್ದು ಬೆಳೆಯುತ್ತಲೇ ಹೋಯಿತು.

ನಾವು ಕಾಣದ ಡಾಲ್ಫಿನ್‌ಗಳಿರಬಹುದು ಎಂದುಕೊಂಡಳು. ಆದರೆ ಅವು ಎಂದೂ ಯಾರನ್ನೂ ಕರೆದಿರಲಿಲ್ಲ, ಕರೆದದ್ದಕ್ಕೆ ಓಗೊಟ್ಟಿರಲೂ ಇಲ್ಲ. ಎಲ್ಲರೂ ಹೆಸರೆತ್ತುವ, ತಾವು ಮಾತ್ರ ಬಾಯಿಬಿಡದ ಇಂಥ ಹತ್ತಾರು ಪ್ರಾಣಿಗಳು ಯಾವುವು? ಊಟ ಮಾಡುವಾಗ, ಬಸ್ಸಿಗೆ ಕಾಯುವಾಗ, ಬಟ್ಟೆ ಒಣಹಾಕುವಾಗಲೂ ಅವಳ ತಲೆಯಲ್ಲಿ ಅದೇ ಸುತ್ತುತ್ತಿತ್ತು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ, ಒಂದು ಸಂಜೆ ಅವಳು ಮನೆಯ ಹಿಂಬದಿಯ ಕಟ್ಟೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಅತ್ತಿಗೆ ಸುಗಂಧಿ ಒಳಗೆ ಮಸಾಲೆ ಅರೆಯುತ್ತಿದ್ದಳು. ದೂರದಲ್ಲಿ ಅಳಿವೆಯ ಬಾಯಿಂದ ಇಂಜಿನ್ನಿನ ಸದ್ದು ಕೇಳಿಸಿತು.

“ಆಯೀ, ಅಣ್ಣ ಬಂದ ಕಾಣು. ಅನ್ನಕ್ಕೆ ಇಡು,” ಎಂದು ಚಂದ್ರಕಲಾ ತಾಯಿಗೆ ಕೂಗಿ ಹೇಳಿದಳು. ಹೇಳಿದವಳು ತುರಿಯುವುದನ್ನು ನಿಲ್ಲಿಸಿಬಿಟ್ಟಳು.

ಬೋಟು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಅಳಿವೆಯಿಂದ ದಿನಕ್ಕೆ ಎಷ್ಟೋ ಬೋಟು ಬರುತ್ತವೆ. ಅಣ್ಣ ವಾಮನನ ‘ಜಲಪದ್ಮ’ವೇ ಬಂತೆಂದು ಅವಳಿಗೆ ಹೇಗೆ ಗೊತ್ತಾಯಿತು? ಅದರ ಇಂಜಿನ್ನು ಮೂರು ಸಲ ಒಂದೇ ಲಯದಲ್ಲಿ ಬಡಿದು ನಾಲ್ಕನೆಯದನ್ನು ಸ್ವಲ್ಪ ಎಳೆಯುತ್ತಿತ್ತು. ಹುಟ್ಟಿದಂದಿನಿಂದ ಕೇಳಿ ಕೇಳಿ ಆ ಊರಿನ ಯಾರಿಗೂ ಅದೊಂದು ವಿಶೇಷವೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದವಳೇ ಪಕ್ಕಕ್ಕಿಟ್ಟ ಸಿಳ್ಳೆಗಳನ್ನು ತೆರೆದಳು. ಒಂದನ್ನು ಬಹಳ ನಿಧಾನಗೊಳಿಸಿ ಕೇಳಿದಳು. ಮೂರು ಚಿಕ್ಕ ಊದು, ಒಂದು ಎಳೆದದ್ದು.

“ಮೇಡಂ, ಅವು ಬೋಟುಗಳಿಗೆ ಹೆಸರಿಟ್ಟಿವೆ!”

ಬಂದರಿನ ಬೋಟುಗಳ ಇಂಜಿನ್ ಸದ್ದನ್ನೆಲ್ಲ ತಂದು ಹೋಲಿಸಿದಾಗ ಪಕ್ಕಕ್ಕಿಟ್ಟವುಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಬೋಟು ಸಿಕ್ಕಿತು. ಆದರೆ ಹಾವನೂರ ಮೇಡಂ ಅಷ್ಟಕ್ಕೆ ಒಪ್ಪುವವರಲ್ಲ.

“ಸದ್ದು ಕೇಳ್ತಾವ, ಅದನ್ನ ಅಣಕಸ್ತಾವ. ಗಿಣಿನೂ ಹಂಗ ಮಾಡ್ತದ. ಅದು ಹೆಸರು ಹೆಂಗ ಆದೀತು? ನಾ ಎದುರಿಗಿದ್ದಾಗಷ್ಟ ಅಲ್ಲ, ನಾ ಇಲ್ಲದಾಗ, ನಾ ಸುಮ್ನ ಕುಂತಾಗ ನೀ ನನ್ನ ಹೆಸರು ತಗದರ ಅದು ಹೆಸರು. ಇಂಜಿನ್ ಬಂದ್ ಆದ ಬೋಟನ್ನ ಅವು ಒಮ್ಮೆರೆ ಕರದಾವೇನು, ತೋರಸು.”

ಚಂದ್ರಕಲಾ ಹುಡುಕಿದಳು. ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಕಡಲಿನ ನಡುವೆ ಯಾರೂ ಇಂಜಿನ್ನು ಪೂರ್ತಿ ನಿಲ್ಲಿಸುವುದಿಲ್ಲ, ಬಂದರಿನ ಒಳಗೆ ಡಾಲ್ಫಿನ್ ಬರುವುದಿಲ್ಲ. ಸದ್ಯಕ್ಕೆ ಬೋಟುಗಳಿಗೆಂದು ಮೂರನೆಯ ಕೋಷ್ಟಕವೊಂದನ್ನು ಮಾಡಿ, ಆ ಕರೆಗಳನ್ನು ಅದಕ್ಕೆ ಕಟ್ಟಿ, ಪ್ರಶ್ನೆಯನ್ನು ಹಾಗೆಯೇ ಬಿಟ್ಟಳು.

ದೀಪಾವಳಿಗೆ ಮುಂಚೆ ಕಡಲು ಕೆಟ್ಟಿತು. ಗಾಳಿಯ ಮುನ್ಸೂಚನೆ ಬಂದದ್ದು ತಡವಾಗಿ. ಬಿರುಗಾಳಿ ಅದಕ್ಕಿಂತ ಮೊದಲೇ ಬಂತು. ಹೊರಗಿದ್ದ ಬೋಟುಗಳೆಲ್ಲ ಸಂಜೆಯೊಳಗೆ ಒಂದೊಂದಾಗಿ ಅಳಿವೆಯೊಳಗೆ ನುಗ್ಗಿದವು. ಜಲಪದ್ಮ ಬರಲಿಲ್ಲ. ವಾಮನ ಮತ್ತು ನಾಲ್ವರು ಅದರಲ್ಲಿದ್ದರು. ಅವನ ವೈರ್‌ಲೆಸ್ ಸತ್ತಿತ್ತು, ಬೋಟಿನ ಜಾಗ ತೋರಿಸುವ ಯಂತ್ರವೂ ಸತ್ತಿತ್ತು.

ಬೆಳಗಾಗುವಷ್ಟರಲ್ಲಿ ಗಾಳಿ ಇಳಿದಿತ್ತು, ಅಲೆ ಇಳಿದಿರಲಿಲ್ಲ. ಸುಗಂಧಿ ಉಳಿದ ನಾಲ್ವರ ಮನೆಯ ಹೆಂಗಸರೊಂದಿಗೆ ಬಂದರಿನ ನಿಯಂತ್ರಣ ಕೊಠಡಿಗೆ ಹೋಗಿ ಕೂತಿದ್ದಳು. ಚಂದ್ರಕಲಾಳಿಗೆ ಅಲ್ಲಿ ಕೂರಲಾಗಲಿಲ್ಲ. ಸುಮ್ಮನಿರಲಾರದೆ ಕೇಂದ್ರಕ್ಕೆ ಬಂದಳು. ಹಾವನೂರ ಮೇಡಂ ಆಗಲೇ ಅಲ್ಲಿದ್ದರು. ಅವಳ ಹೆಗಲ ಮೇಲೆ ಕೈಯಿಟ್ಟು, “ಕಡಲಮಾತನ್ನ ಕೇಳಿ ನೋಡು,” ಎಂದರು.

“ಏನು ಕೇಳೂದು ಮೇಡಂ? ಇಂಜಿನ್ ಓಡ್ತಾ ಇದ್ರೆ ಅವ ಬರ್ತಿದ್ದ. ಇಂಜಿನ್ ಇಲ್ಲದೆ ಇದ್ರೆ ಸದ್ದಿಲ್ಲ. ಸದ್ದಿಲ್ಲದ್ದನ್ನ ಅವು ಕರಿಯೂದಿಲ್ಲ. ನೀವೇ ಹೇಳಿದ್ದಲ್ವಾ?”

“ನಾ ಹೇಳಿದ್ದು ಖರೇ ಇರಬೇಕಂತ ಎಲ್ಲಿ ಬರದದ? ಕೇಳು.”

ಪ್ರಶ್ನೆ ಚಿಕ್ಕದು. ನಿನ್ನೆ ಸಂಜೆಯಿಂದ ಈಚೆಗೆ ಜಲಪದ್ಮವನ್ನು ಕರೆದವರು ಯಾರು, ಯಾವ ಪೀಪಾಯಿಯ ಹತ್ತಿರ? ಗುಂಡಿ ಒತ್ತಿ ಅವಳು ಕಣ್ಣು ಮುಚ್ಚಿಕೊಂಡಳು.

“ಚಂದ್ರಕಲಾ,” ಎಂದು ಮೇಡಂ ಮೆಲ್ಲಗೆ ಕರೆದರು.

ಪರದೆ ತುಂಬ ಸಾಲುಗಳಿದ್ದವು. ಮೂಗುತಿ ಕರೆದಿದ್ದಳು. ಅವಳ ಮಗಳು ಕರೆದಿದ್ದಳು. ಮಾತು ಬಿಟ್ಟಿದ್ದ ಆ ಎರಡು ಗಂಡುಗಳೂ ಕರೆದಿದ್ದವು. ಮೊದಮೊದಲ ಕರೆಗಳು ಹೊನ್ನಾವರದ ಎದುರಿನ ಪೀಪಾಯಿಯಲ್ಲಿ, ಆಮೇಲಿನವು ಅದಕ್ಕೂ ದಕ್ಷಿಣದಲ್ಲಿ. ಕೊನೆಯವು ಬೆಳಗಿನವು, ನೇತ್ರಾಣಿಯ ಹತ್ತಿರದವು. ಮೇಡಂ ಆ ಹೊತ್ತಿನ ದನಿಯನ್ನು ಹಾಕಿ ಕೇಳಿದರು. ಅಲೆಯ ಮೊರೆತ, ಸಿಳ್ಳೆ, ಮತ್ತೆ ಅಲೆ. ಇಂಜಿನ್ನಿನ ಸದ್ದು ಎಲ್ಲೂ ಇರಲಿಲ್ಲ.

ಒಂದೇ ಕರೆಯನ್ನು ಮೂರು ಪೀಪಾಯಿಗಳು ಬೇರೆ ಬೇರೆ ಕ್ಷಣದಲ್ಲಿ ಕೇಳಿಸಿಕೊಂಡಿದ್ದವು. ಯಾವುದು ಎಷ್ಟು ತಡವಾಗಿ ಕೇಳಿಸಿಕೊಂಡಿತೆಂದು ಲೆಕ್ಕ ಹಾಕಿದರೆ ಕರೆದ ಜಾಗ ಗೊತ್ತಾಗುತ್ತದೆ. ಅದನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಂಡು ಇಬ್ಬರೂ ನಿಯಂತ್ರಣ ಕೊಠಡಿಗೆ ಓಡಿದರು.

ಬಂದರಿನ ಅಧಿಕಾರಿ ಫರ್ನಾಂಡಿಸ್ ಒಳ್ಳೆಯ ಮನುಷ್ಯ. ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣಿನಲ್ಲಿ ನಕ್ಷೆಯನ್ನು ನೋಡಿ, ಡಾಲ್ಫಿನ್ ಕರೆಗಳ ವಿಷಯ ಕೇಳಿ, ಇಲ್ಲವೆಂಬಂತೆ ತಲೆಯಾಡಿಸಿದರು. “ಗಾಳಿ ಬೀಸಿದ್ದು ತೆಂಕಿನಿಂದ ಬಡಗಿಗೆ. ಬೋಟು ಅಂಕೋಲೆಯ ಕಡೆ ಹೋಗಿರ್ತದೆ. ಈ ಅಲೆಗೆ ತಡೆಯುವ ದೊಡ್ಡ ಬೋಟು ಇರೂದು ಎರಡೇ, ಎರಡೂ ಬಡಗಿಗೆ ಹೊರಟು ನಿಂತಿವೆ. ಹೆಲಿಕಾಪ್ಟರ್ ಮಧ್ಯಾಹ್ನದವರೆಗೆ ಬರೂದಿಲ್ಲ. ನೀವು ತೆಂಕಿಗೆ ಅಂತೀರಿ. ಖಂಡಿತಾ ಅಲ್ಲೇ ಇದೆಯಾ?”

ಚಂದ್ರಕಲಾ ಬಾಯಿ ತೆರೆದಳು. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಗೊತ್ತಿರಲಿಲ್ಲ. ತಪ್ಪಾದರೆ ಐದು ಜನರ ಇಡೀ ಬೆಳಗು ಹಾಳಾಗುತ್ತದೆ. ಹಾಗೆ ಹಾಳಾಗಲು ಅವರ ಬಳಿ ಇನ್ನೊಂದು ಬೆಳಗು ಇಲ್ಲದಿರಬಹುದು.

“ಖಂಡಿತ ಅಂತ ಹೇಳೂಕೆ ಬರೂದಿಲ್ಲ ಸರ್. ಇಂಜಿನ್ ಇಲ್ಲದ ಬೋಟನ್ನ ಅವು ಕರಿತವೆ ಅಂತ ಇವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವು ಅಣ್ಣನ ಬೋಟನ್ನೇ ಕರಿತಿವೆ. ಬೇರೆ ಯಾವ ಬೋಟನ್ನೂ ಕರಿತಾ ಇಲ್ಲ. ನನ್ನ ಹತ್ರ ಇರೂದು ಇಷ್ಟೇ.”

ಮೂಲೆಯಲ್ಲಿ ಕೂತಿದ್ದ ಸುಗಂಧಿ ಎದ್ದು ಬಂದಳು. ಉಳಿದ ನಾಲ್ವರ ಮನೆಯವರ ಮುಖವನ್ನು ಒಂದೊಂದಾಗಿ ನೋಡಿದಳು. ಅವರಲ್ಲಿ ಹಿರಿಯಳೊಬ್ಬಳು ಹೂಂ ಎಂಬಂತೆ ತಲೆಯಾಡಿಸಿದಳು.

“ಸಾಹೇಬ್ರೆ, ಬಡಗಿಗೆ ಹೋಗಿರಬಹುದು ಅಂತ ನೀವು ಅಂದಾಜು ಮಾಡಿದ್ದು,” ಎಂದಳು ಸುಗಂಧಿ. “ಅವು ಅಲ್ಲೇ ಇದ್ದು ಕೂಗ್ತಿವೆ ಅಂತಾಳೆ ಇವಳು. ಒಂದು ಬೋಟು ಬಡಗಿಗೆ ಹೋಗ್ಲಿ. ಒಂದನ್ನ ನಮಗೆ ಕೊಡಿ.”

ಫರ್ನಾಂಡಿಸ್ ಒಂದು ಗಳಿಗೆ ಹಣೆ ಒತ್ತಿಕೊಂಡರು. ಆಮೇಲೆ ವೈರ್‌ಲೆಸ್ ಎತ್ತಿಕೊಂಡರು.

ನೇತ್ರಾಣಿಯ ಆಚೆ, ಗುರುತು ಹಾಕಿದ ಜಾಗದಿಂದ ತುಸು ಪಶ್ಚಿಮಕ್ಕೆ ಜಲಪದ್ಮ ಸಿಕ್ಕಿತು. ಇಂಜಿನ್ ಕೋಣೆಗೆ ನೀರು ನುಗ್ಗಿತ್ತು, ಕ್ಯಾಬಿನ್ನಿನ ಒಂದು ಗೋಡೆ ಕಿತ್ತುಹೋಗಿತ್ತು. ಐವರೂ ಹಗ್ಗದಿಂದ ಬೋಟಿಗೆ ಮೈಕಟ್ಟಿಕೊಂಡು ಜೀವ ಹಿಡಿದುಕೊಂಡಿದ್ದರು. ಬಿಚ್ಚಿದ ಬಲೆ ಆಳಕ್ಕೆ ಇಳಿದಿತ್ತು. ಮೇಲಿನ ಗಾಳಿ ಬಡಗಿಗೆ ತಳ್ಳುತ್ತಿದ್ದರೂ, ಕೆಳಗಿನ ಸೆಳೆತ ಬಲೆಯನ್ನು ಹಿಡಿದು ಬೋಟನ್ನು ತೆಂಕಿಗೆ ಎಳೆದುಕೊಂಡು ಹೋಗಿತ್ತು.

ಆಸ್ಪತ್ರೆಯ ಮಂಚದ ಮೇಲೆ ವಾಮನ ಎರಡು ದಿನ ಬರೀ ನಿದ್ದೆ ಮಾಡಿದ. ಮೂರನೆಯ ದಿನ ತಾಯಿ ತಂದ ಗಂಜಿ ಕುಡಿಯುತ್ತ ಕೂತಾಗ ಚಂದ್ರಕಲಾ ತಡೆಯಲಾರದೆ ಕೇಳಿದಳು. “ಅಣ್ಣಾ, ಅವು ಕೂಗೂದು ನಿಂಗೆ ಕೇಳ್ತಿತ್ತಾ?”

“ಎಂತದೂ ಕೇಳ್ಲಿಲ್ಲ. ಸುತ್ತ ಇದ್ದದ್ದು ಗೊತ್ತಿತ್ತು. ಕತ್ತಲೆಯಲ್ಲಿ ಹತ್ತಿರ ಬಂದು ಬುಸ್ ಅಂತ ಉಸ್ರು ಬಿಡ್ತಿದ್ವು. ಹಸಿದು ಬಂದಿವೆ ಅಂದ್ಕಂಡೆ.” ಗಂಜಿಯ ಲೋಟ ಕೆಳಗಿಟ್ಟ. “ಕರೀತಿದ್ವು ಅಂತೀಯಾ?”

“ಹೌದು.”

“ಎಂತಕ್ಕೆ?”

ಅವಳು ಗಂಜಿಯ ಲೋಟವನ್ನು ಮತ್ತೆ ಅವನ ಕೈಗಿಟ್ಟಳು.

ಸುದ್ದಿ ಹರಡಿದ ಮೇಲೆ ಕೇಂದ್ರದ ಬಾಗಿಲಿಗೆ ಜನ ಬರಲು ಶುರುವಾಯಿತು. ತನ್ನ ಬೋಟಿಗೆ ಅವು ಏನೆನ್ನುತ್ತವೆ ಎಂದು ಎಲ್ಲರಿಗೂ ತಿಳಿಯಬೇಕು. ತದಡಿಯ ಒಬ್ಬನ ಬೋಟಿನ ಹೆಸರು ಕೆಮ್ಮಿನಂತೆ ತುಂಡು ತುಂಡಾಗಿತ್ತು. ಕೇಳಿದವರೆಲ್ಲ ನಕ್ಕದ್ದಕ್ಕೆ ಅವನು ಮರುದಿನವೇ ಮೆಕ್ಯಾನಿಕ್ಕನ್ನು ಕರೆಸಿ ಇಂಜಿನ್ನು ಬಿಚ್ಚಿಸಿದ. ಆದರೆ ಎಲ್ಲವೂ ನಗುವ ಮಾತಾಗಿರಲಿಲ್ಲ. ಯಾವ ಬೋಟು ಎಲ್ಲಿ ಬಲೆ ಬೀಸುತ್ತದೆ ಎಂಬುದು ಆ ಮನೆಯ ಗುಟ್ಟು. ಡಾಲ್ಫಿನ್‌ಗಳು ಹೆಸರು ಹಿಡಿದು ಕರೆದ ಜಾಗಗಳನ್ನು ಜೋಡಿಸಿದರೆ ಆ ಗುಟ್ಟು ಬಯಲು. ಹಿರಿಯ ಮೀನುಗಾರರು ಒಟ್ಟಾಗಿ ಬಂದು ಇದನ್ನೇ ಕೇಳಿದಾಗ ಚಂದ್ರಕಲಾಳಿಗೂ ದಿಗಿಲಾಯಿತು.

ಆ ವಾರವೇ ಅವಳು ಇನ್ನೊಂದು ಹೊಸ ಡೇಟಾಬೇಸ್ ಸೃಷ್ಟಿಸಿದಳು. ಹಳೆಯದನ್ನು ತೇಪೆ ಹಾಕಿ ಉಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಡಾಲ್ಫಿನ್‌ಗಳು ಒಂದು ಕಡೆ, ಬೋಟುಗಳು ಇನ್ನೊಂದು ಕಡೆ ಎಂದು ಗೋಡೆ ಎಬ್ಬಿಸಿದವಳು ತಾನು. ಡಾಲ್ಫಿನ್‌ಗಳಿಗೆ ಆ ಗೋಡೆ ಇದ್ದಂತಿರಲಿಲ್ಲ. ಈ ಸಲ ಒಂದೇ ಕೋಷ್ಟಕ ಮಾಡಿ ಅದನ್ನು ‘ಹೆಸರುಳ್ಳವರು’ ಎಂದು ಕರೆದಳು. ಮೂಗುತಿಯೂ ಜಲಪದ್ಮವೂ ಅದರಲ್ಲಿ ಒಂದರ ಕೆಳಗೊಂದು ಕೂತವು. ಒಂದು ಬೋಟು ಇದ್ದ ಜಾಗವನ್ನು ಆ ಬೋಟಿನವರು ಬಿಟ್ಟು ಬೇರೆ ಯಾರೂ ಕೇಳಲಾಗದಂತೆ, ಜೀವಾಪಾಯ ಬಂದಾಗ ಮಾತ್ರ ನಿಯಂತ್ರಣ ಕೊಠಡಿ ಕೇಳಬಹುದಾದಂತೆ ಅಧಿಕಾರಗಳನ್ನು ಹಂಚಿದಳು. ಹಿರಿಯರನ್ನು ಕರೆದು ಎದುರಿಗೇ ಪರೀಕ್ಷೆ ಮಾಡಿ ತೋರಿಸಿದಳು. ಒಬ್ಬರ ಬೋಟನ್ನು ಇನ್ನೊಬ್ಬರು ಕೇಳಿದಾಗ ಯಂತ್ರ ಸಾಫಾಗಿ ‘ಇಲ್ಲ’ ಎಂದಿತು. ಅವರು ಸಮಾಧಾನವಾಗಿ ಎದ್ದು ಹೋದರು.

ಜಲಪದ್ಮ ಮತ್ತೆ ನೀರಿಗಿಳಿಯುವಾಗ ಬೇಸಿಗೆ ಬಂದಿತ್ತು. ಹಳೆಯ ಇಂಜಿನ್ನು ಉಪ್ಪುನೀರಿಗೆ ಹಾಳಾಗಿ ಗುಜರಿಗೆ ಹೋಗಿತ್ತು. ಹೊಸದರ ಸದ್ದು ಬೇರೆಯೇ. ಒಂದೇ ಸಮನೆ, ನುಣ್ಣಗೆ. ಆಯಿ ಅದನ್ನು ಕೇಳಿ, “ಇದು ನಮ್ಮ ಬೋಟೇ ಅಲ್ಲ,” ಎಂದಳು.

ಹಾವನೂರ ಮೇಡಂಗೆ ಮಾತ್ರ ಹಿಗ್ಗೋ ಹಿಗ್ಗು. “ಈಗ ನೋಡವಾ ಮಜಾ. ಹೆಸರು ಸದ್ದಿಗಿತ್ತೋ ಬೋಟಿಗಿತ್ತೋ, ಇವತ್ತ ತಿಳೀತದ!”

ವಾಮನ ಅಳಿವೆ ದಾಟಿ ಹೊರಗೆ ಹೋದ. ಕೇಂದ್ರದಲ್ಲಿ ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರು. ಮೊದಲ ಪೀಪಾಯಿಯ ಹತ್ತಿರ ಡಾಲ್ಫಿನ್‌ಗಳ ಗುಂಪು ಬೋಟಿನ ಪಕ್ಕಕ್ಕೆ ಬಂದದ್ದನ್ನು ವಾಮನ ವೈರ್‌ಲೆಸ್‌ನಲ್ಲಿ ಹೇಳಿದ. ಅವು ಮಾತಾಡಲಿಲ್ಲ. ಹೊಸ ಸದ್ದಿನ ಸುತ್ತ ಬಹಳ ಹೊತ್ತು ಮೌನವಾಗಿ ಈಜಿದವು. ಮೇಡಂ ಪೆನ್ನು ಕಚ್ಚುತ್ತ ಕೂತಿದ್ದರು.

ಆಗ ಮೂಗುತಿ ಊದಿದಳು. ಮೂರು ಚಿಕ್ಕದು, ಒಂದು ಎಳೆದದ್ದು.

ಮೇಡಂ ಮೇಜು ಗುದ್ದಿ ಎದ್ದು ನಿಂತರು. ಚಂದ್ರಕಲಾ ಕೈಯೆತ್ತಿ ತಡೆದಳು. ಹೆಸರು ಅಲ್ಲಿಗೆ ಮುಗಿದಿರಲಿಲ್ಲ. ಕೊನೆಯಲ್ಲಿ ಕೆಳಗಿಳಿದು ಥಟ್ಟನೆ ಮೇಲಕ್ಕೆ ಹೊರಳುವ ಒಂದು ಪುಟ್ಟ ತುಣುಕು ಅಂಟಿಕೊಂಡಿತ್ತು. ಮಗಳೂ ಹಾಗೆಯೇ ಊದಿದಳು. ಆಮೇಲೆ ಉಳಿದವು, ಒಂದರ ಹಿಂದೊಂದು, ಆ ತುಣುಕಿನ ಸಮೇತ.

“ಅದೇನದು ಬಾಲ?” ಎಂದರು ಮೇಡಂ.

ಚಂದ್ರಕಲಾ ಆಗಲೇ ಪ್ರಶ್ನೆ ಬರೆಯುತ್ತಿದ್ದಳು. ಈ ಬಾಲ ಇದಕ್ಕೆ ಮೊದಲು ಯಾರ ಹೆಸರಿಗೆ, ಯಾವಾಗ ಅಂಟಿತ್ತು? ಬೆರಳೆಣಿಕೆಯ ಸಾಲುಗಳು ಬಂದವು. ಒಂದು ಗಂಡು, ಎರಡು ವರ್ಷ ಯಾವ ಪೀಪಾಯಿಗೂ ಕೇಳಿಸದೆ ಇದ್ದು, ಆಮೇಲೆ ಒಂದು ದಿನ ಕಾಣಿಸಿಕೊಂಡದ್ದು. ಒಂದು ತಾಯಿ ಮತ್ತು ಮರಿ, ಇಡೀ ಮಳೆಗಾಲ ಎಲ್ಲೋ ಹೋಗಿದ್ದವು. ಸತ್ತಿದೆಯೆಂದು ವಿದ್ಯಾರ್ಥಿಯೊಬ್ಬ ಬರೆದಿದ್ದ ಆ ಇನ್ನೊಂದು ಗಂಡು. ಎಲ್ಲವೂ ಕಾಣೆಯಾಗಿ ಮರಳಿದವು. ಬಾಲ ಅಂಟಿದ್ದು ಮರಳಿದ ಮೊದಲ ದಿನ ಮಾತ್ರ.

ಮೇಡಂ ಅದನ್ನು ಓದಿದರು, ಮತ್ತೆ ಓದಿದರು. ಅವರ ಜೋರು ದನಿ ಅಡಗಿಹೋಗಿತ್ತು. “ಇಷ್ಟ ಸ್ವಲ್ಪದರ ಮ್ಯಾಲ ಏನೂ ಹೇಳಾಕ ಬರೂದಿಲ್ಲವಾ,” ಎಂದರು. ಹೇಳುತ್ತಲೇ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ವೈರ್‌ಲೆಸ್ ಗೊರಗುಟ್ಟಿತು. “ಚಂದ್ರೀ, ಎಂತ ಹೇಳ್ತಿವೆಯೇ ಇವು? ಸುತ್ತಲೂ ಬಂದು ಸೇರ್ಕಂಡಿವೆ.”

“ನಿನ್ನ ಬೋಟಿನ ಹೆಸರು ಹೇಳ್ತಿವೆ ಅಣ್ಣಾ. ಹಳೆ ಹೆಸರೇ. ಅದರ ಜೊತೆಗೆ…” ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. “ವಾಪಸ್ಸು ಬಂತು ಅಂತ ಹೇಳ್ತಿವೆ ಕಾಣ್ತದೆ. ಖಂಡಿತ ಗೊತ್ತಿಲ್ಲ.”

ಆ ಕಡೆ ಹೊಸ ಇಂಜಿನ್ನಿನ ಸದ್ದು ಇಳಿಯುತ್ತ ಬಂದು ಪೂರ್ತಿ ನಿಂತಿತು.

“ಈಗ ನಾವು ಎಂತ ಹೇಳೂದು ಅವಕ್ಕೆ?” ಎಂದು ವಾಮನ ಕೇಳಿದ.

ಚಂದ್ರಕಲಾ ಪರದೆಯನ್ನು ನೋಡಿದಳು. ಕರೆದವರು ಎಂಬ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಡಾಲ್ಫಿನ್‌ಗಳೇ ಇದ್ದವು. ಅಲ್ಲಿ ಮನುಷ್ಯರು ಬರಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ.

“ಒಂದು ನಿಮಿಷ ತಡಿ ಅಣ್ಣಾ,” ಎಂದು ‘ಹೆಸರುಳ್ಳವರು’ ಕೋಷ್ಟಕದಲ್ಲಿ ಹೊಸ ಸಾಲೊಂದನ್ನು ತೆರೆದಳು. ಮೇಡಂ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು.